ಕಾಯ್ಲಿಕ್ಕೆ ಗೊತ್ತುಂಟು

ಇಂದ್ರಾಳಿ ದಾಟಿ ಮಣಿಪಾಲದ ಏರು ಹಿಡಿದರೆ
ನಾಲ್ಕನೇ ಗೇರಿನಲ್ಲಿ ಸುರುವಾಗುತ್ತದೆ,
ಡಬ್ಬಿಯೊಳಗೆ ಯಾರೋ
ಮರುವಾಯಿ ಚಿಪ್ಪು ಕುಲುಕಿದ ಹಾಗೆ.

ಇಪ್ಪತ್ತೆರಡು ವರ್ಷದ ಲ್ಯಾನ್ಸರ್.
ಹೆಡ್ಡು ಕೆತ್ತಿಸಿ ಕಂಪ್ರೆಶನ್ ಏರಿಸಿದವ
ಹಿಂದಿನ ಯಜಮಾನ, ರ‍್ಯಾಲಿ ಹುಚ್ಚಿನವ.
ಆ ಹುಚ್ಚಿನ ಬಡ್ಡಿ ಕಟ್ಟುವವ ನಾನು,
ಲೀಟರಿನ ಲೆಕ್ಕದಲ್ಲಿ.

ಅಲೆವೂರಿನ ಹಿಲರಿ ಪಕ್ಕದ ಸೀಟಿನಲ್ಲಿ
ಕಣ್ಣು ಮುಚ್ಚಿ ಕೂತು ಕೇಳಿದ, ಏರು ಮುಗಿಯುವವರೆಗೆ.
“ಕಿಡಿಯ ಬೆಂಕಿ ಬರುವಷ್ಟು ಹೊತ್ತು ನಿಲ್ಲುದಿಲ್ಲ ಇದು,
ಮೂಲೆಯಲ್ಲಿ ತಾನೇ ಹತ್ತಿಕೊಳ್ತದೆ.
ತೊಂಬತ್ತೊಂದು ಬಿಡಿ, ತೊಂಬತ್ತೈದು ಹಾಕಿ.
ಶಕ್ತಿ ಜಾಸ್ತಿ ಅಂತ ಅಲ್ಲ ಮಾರಾಯ್ರೆ,
ಅದಕ್ಕೆ ಕಾಯ್ಲಿಕ್ಕೆ ಗೊತ್ತುಂಟು.”

ಕಲ್ಸಂಕದ ಬಂಕಿನಲ್ಲಿ ದುಬಾರಿಯ ನಳಿಗೆಗೆ ಕೈತೋರಿಸಿದೆ.
“ಅಲ್ಲ, ನೋಡಿ...” ಅಂದಳು ಜಲಜಾಕ್ಷಿ.
“ಗೊತ್ತುಂಟು ರೇಟು!” ಎಂದು ನಾನು ಹಾರಿಬಿದ್ದೆ.

ಅವಳು ಹೇಳಹೊರಟದ್ದು
ಮೀಟರು ಸೊನ್ನೆಗೆ ಬಂದಿಲ್ಲ ಎಂದು.

ಮುನ್ನೂರ ಇಪ್ಪತ್ತು ರೂಪಾಯಿ
ಯಾರದೋ ಸ್ಕೂಟರಿನ ಹೊಟ್ಟೆಯಲ್ಲಿ ಹೋಯಿತು.

ಏರಿನಲ್ಲಿ ಈಗ ಚಿಪ್ಪಿನ ಸದ್ದಿಲ್ಲ.
ಎಂಜಿನ್ನು ಎಷ್ಟು ಮೆತ್ತಗೆಂದರೆ
ಅವಳು ಬಳೆ ಸರಿಸಿಕೊಂಡದ್ದು ಕೇಳಿಸುತ್ತದೆ.

ಟೈಗರ್ ಸರ್ಕಲಿನವರೆಗೂ ನಾನು ಬಾಯಿ ತೆರೆಯಲಿಲ್ಲ,
ಅವಳು ಸುರುಮಾಡಲಿ ಎಂದು.