ಬಿಟ್ಟಂಗಾಲ, ಏಳನೆಯ ಕುಳಿ

ಅಚ್ಚಯ್ಯ ಹೊಸ ಟೂರಿಗೆ ಸಹಿ ಹಾಕಿದ ದಿನ
ನಾನು ಏಳನೆಯ ಗ್ರೀನಿನಲ್ಲಿ
ಕಾಡುಹಂದಿ ಕೆದಕಿದ ಹುಲ್ಲು ಕೂರಿಸುತ್ತಿದ್ದೆ,
ಅಂಗೈಯಿಂದ ತಟ್ಟಿ, ಮಂಡಿಯಿಂದ ಒತ್ತಿ.

ಹಳೆಯ ಟೂರಿನಲ್ಲಿ ಶುಕ್ರವಾರ ಸಂಜೆಯೇ ಭಯ:
ಒಂದು ಹೊಡೆತ ಹೆಚ್ಚಾದರೆ ಅವನಿಗೆ ಸೊನ್ನೆ.
ಸೊನ್ನೆಯಲ್ಲಿ ನನ್ನ ಹತ್ತನೇ ಒಂದು ಪಾಲು
ಲೆಕ್ಕ ಹಾಕುತ್ತ ರಾತ್ರಿ ಬಸ್ಸಿನಲ್ಲಿ ಬರುತ್ತಿದ್ದೆವು,
ಚೀಲ ನನ್ನ ತೊಡೆಯ ಮೇಲೆ,
ಅವನ ತಲೆ ಚೀಲದ ಮೇಲೆ.

ಹೊಸದರಲ್ಲಿ ಯಾರೂ ಹೊರಗೆ ಬೀಳುವುದಿಲ್ಲವಂತೆ.
ಕಡೆಯವನಿಗೂ ಒಂದು ತೋಟ ಕೊಳ್ಳುವಷ್ಟಂತೆ.
ಹಳೆಯವರು ಬಿಟ್ಟಾರೆಯೇ? ಬಹುಮಾನ ಇಮ್ಮಡಿ,
ಹೋದವರಿಗೆ ಬಾಗಿಲು ಬಂದ್ ಎಂದು ಕಾಗದ.
ಇವರು ಏರಿಸಿದರು, ಅವರು ಏರಿಸಿದರು,
ಗುಡುಗಳಲೆ ಪರಿಷೆಯಲ್ಲಿ ಒಂದೇ ಹೋರಿಗೆ
ಇಬ್ಬರು ದಲ್ಲಾಳಿಗಳು ಟವೆಲಿನಡಿ ಬೆರಳು ಹಿಸುಕಿದ ಹಾಗೆ.
ಹೋರಿ ಮೆಲುಕು ಹಾಕುತ್ತ ನಿಂತಿತ್ತು.

‘ನೀನೂ ಬಾ ಚೋಮಣಿ,’ ಅಂದ. ‘ತಿಂಗಳ ಸಂಬಳ.
ಗೆದ್ದರೂ ಸೋತರೂ.’
ಆ ಸೋತರೂ ಕಿವಿಯಲ್ಲೇ ಕೂತುಬಿಟ್ಟಿತು.

ಕೈಲ್‌ಪೊಳ್ದಿನಲ್ಲಿ ಮರದ ತುದಿಯ ಕಾಯಿಗೆ
ಗುಂಡು ತಪ್ಪಿತೆಂದು ಅತ್ತಿದ್ದ ಹುಡುಗ ಇವನು,
ಬರೀ ಒಂದು ತೆಂಗಿನಕಾಯಿಗೆ.

ಪಾಸ್‌ಪೋರ್ಟಿಗೆ ಫೋಟೋ ತೆಗೆಸಿದ್ದೇನೆ, ಸುಳ್ಳೇಕೆ.
ಅದಕ್ಕೂ ಮೊದಲು ಈ ಹುಲ್ಲು ಬೇರು ಹಿಡಿಯಬೇಕು.
ನೀರು ಹಾಕಿ, ಕುಳಿಯೊಳಗೆ ಕೈಯಿಟ್ಟೆ:
ತಣ್ಣಗೆ ಒಂದು ಕಪ್ಪೆ.