ಎರಡು ಚಹಾ ಲೋಟ

ಮೆಜೆರ್ದಾ ನದಿಯ ಕೆಳದಂಡೆಯಲ್ಲಿ ವಸೀಲಾ
ಕಿಟಕಿಕಟ್ಟೆಯ ಮೇಲೆ ಎರಡು ಚಹಾ ಲೋಟ ಇಟ್ಟಳು.
ಒಂದರಲ್ಲಿ ಬಾವಿಯ ಸವುಳು ನೀರು,
ಇನ್ನೊಂದರಲ್ಲಿ ರಾತ್ರಿ ತಗಡಿನಿಂದಿಳಿದ ಮಳೆ.
ಎರಡಕ್ಕೂ ಒಂದೊಂದು ಹೆಂಟೆ,
ಒಂದೇ ಹೊಲದ್ದು, ಆರ್ಟಿಚೋಕ್ ಸಾಲಿನದು.

ತಿಜಾನಿ ನಕ್ಕ:
ಹೆಂಟೆಗೂ ಅತಿಥಿಸತ್ಕಾರವೇ? ಪುದೀನ ಮರೆತೆಯಲ್ಲ.

ಸವುಳಿನಲ್ಲಿ ಹೆಂಟೆ
ಕಾಲು ಮಡಚಿದ ಮುದುಕನಂತೆ ಕೂತೇ ಇತ್ತು,
ಸುತ್ತ ನೀರು ತಿಳಿ.
ಮಳೆಯ ಲೋಟದಲ್ಲಿ ಮಾತ್ರ
ಅಂಚಿನಿಂದ ಹಾಲಿನಂಥದ್ದೇನೋ ಬಿಟ್ಟಿತು,
ಮೆಲ್ಲಗೆ, ಹೊಗೆಯ ಹಾಗೆ.
ಮಧ್ಯಾಹ್ನದ ಬಾಂಗಿನ ಹೊತ್ತಿಗೆ ತಳ ಕಾಣಲಿಲ್ಲ.

ಹನ್ನೊಂದು ಬೇಸಿಗೆ ಬಾವಿಯನ್ನು ಬೈದೆವು,
ಎಲೆಯಂಚು ಸುಟ್ಟಾಗ,
ಕಾಲುವೆ ಬದಿ ಬೆಳ್ಳಗೆ ಪೊರೆಗಟ್ಟಿದಾಗ.
ಆ ನೀರೇ, ಆ ಕೆಟ್ಟ ನೀರೇ
ಜೇಡಿಯ ಹಾಳೆ ಹಾಳೆಯನ್ನೂ ಕೈಹಿಡಿಸಿ ಕೂರಿಸಿತ್ತು.
ಕೂರಿಸುತ್ತಲೇ, ಒಳಗೊಳಗೆ,
ಸುಣ್ಣದ ಗಂಟು ಬಿಚ್ಚಿ ಸೋಡಿಯಂ ತುಂಬಿತ್ತು.

ಅಕ್ಟೋಬರಿನ ಸಿಹಿಮಳೆ ಬಂತು.
ಅಲ್‌ಹಮ್ದುಲಿಲ್ಲಾ ಎಂದೆವು.
ಹಾಳೆಗಳು ಕೈಬಿಟ್ಟವು, ಉಬ್ಬಿದವು,
ಸಣ್ಣ ಸಣ್ಣ ಬಾಯಿಗಳನ್ನೆಲ್ಲ ಮೆತ್ತಿಬಿಟ್ಟವು.
ಮೂರು ದಿನ ಹೊಲದ ಮೇಲೆ ಆಕಾಶ ನಿಂತಿತ್ತು;
ಗೇಣು ಕೆಳಗೆ ಬೇರು ಬಾಯಾರಿತ್ತು.

ಉಪ್ಪು ತಿಂದವರು ನೀರು ಕುಡಿಯಲೇಬೇಕಂತೆ.
ಈ ಮಣ್ಣಿಗೆ ಅದೇ ಆಗದು.

ನಾಳೆ ಲಾರಿಯಲ್ಲಿ ಜಿಪ್ಸಮ್ ಬರುತ್ತದೆ.
ತಿಜಾನಿ ಮೂಟೆ ಲೆಕ್ಕ ಹಾಕುತ್ತಿದ್ದಾನೆ,
ಎರಡು ಸಲ ತಪ್ಪಿದ್ದಾನೆ.
ವಸೀಲಾ ಆ ಕದಡಿದ ಲೋಟವನ್ನು ಚೆಲ್ಲಿಲ್ಲ.
ನೆರೆಮನೆಯಿಂದ ತಂದದ್ದು ಒಂದು ಚಿಟಿಕೆ ಉದುರಿಸಿ,
ಕಲಕದೆ,
ಕೂತಿದ್ದಾಳೆ.