ಕಾಲಂ ಹದಿನಾಲ್ಕು

ಕಡಲಿಲ್ಲದ ಊರಲ್ಲಿ ಕಡಲಿನ ಲೆಕ್ಕ ಕೇಳುತ್ತ ತಿರುಗುತ್ತಿದ್ದೆ,
ಫಾರಂ ಒಂದಕ್ಕೆ ಅರವತ್ತು ರೂಪಾಯಿ.
ಕಾಲೇಜಿಗೆ ರಜ. ಅತಿಥಿ ಉಪನ್ಯಾಸಕಿಗೆ
ರಜದಲ್ಲಿ ಸಂಬಳವಿಲ್ಲ.

ಹಾಸನ, ಬಿ.ಎಂ. ರಸ್ತೆ, ಬೈಕು ಗ್ಯಾರೇಜು.
ಮುನೀರ್ ಪಾಷಾ, ವಯಸ್ಸು ಐವತ್ತೆರಡು.
ಒಂದು ಕೈಯಲ್ಲಿ ಸ್ಪ್ಯಾನರು,
ಇನ್ನೊಂದರಲ್ಲಿ ನನಗೆಂದು ತರಿಸಿದ ಟೀ.
"ಹವ್ಯಾಸಕ್ಕಾಗಿ ಸಮುದ್ರದಲ್ಲಿ ಮೀನು ಹಿಡಿಯುತ್ತೀರಾ?"
"ಹಿಡಿಯೋದು ಅಂದ್ರೆ... ಹೋಗ್ತೀನಿ ಮೇಡಂ."
ಹೌದು ಎಂದು ಗುರುತು ಹಾಕಿದೆ.

ತಿಂಗಳಿಗೊಂದು ಶನಿವಾರ, ರಾತ್ರಿ ರೈಲು.
ಘಟ್ಟ ಇಳಿಯುವಾಗ ನಿದ್ದೆ ಹತ್ತುವುದಿಲ್ಲವಂತೆ,
ಸುರಂಗ ಎಣಿಸುತ್ತಾರಂತೆ,
ಪ್ರತಿ ಸಲವೂ ಬೇರೆ ಸಂಖ್ಯೆ.
ಟಿಕೇಟು, ಆಟೋ, ಎರೆಗೆ ಅರ್ಧ ಕಿಲೋ ಸಿಗಡಿ,
ಎರಡು ತಿಂಡಿ, ಒಂದು ಊಟ, ಹರಿದುಹೋದ ಗಾಳಗಳು.
ಒಂದೊಂದನ್ನೂ ಅದರದರ ಮನೆಯಲ್ಲಿ ಕೂರಿಸಿದೆ.

"ಸೀಸದ ಗುಂಡಿಗೆಷ್ಟು?"
"ಅದಕ್ಕ್ಯಾಕೆ ದುಡ್ಡು?"
ಸತ್ತ ಸ್ಪಾರ್ಕ್ ಪ್ಲಗ್ಗುಗಳ ಡಬ್ಬವೊಂದನ್ನು
ಕಿವಿಯ ಹತ್ತಿರ ತಂದು ಗಲಗಲ ಆಡಿಸಿದರು.
ಸ್ಕೂಟಿಯದು ಹತ್ತಿರಕ್ಕೆ, ಬುಲೆಟ್ಟಿನದು ದೂರಕ್ಕೆ.
ಹಾಗಾದರೆ ಈ ಊರಿನ ಎಷ್ಟೋ ಗಾಡಿಗಳ ಕೊನೆಯ ಕಿಡಿ
ಅರಬ್ಬಿ ಸಮುದ್ರದ ಕೆಸರಲ್ಲಿ ಕೂತಿದೆ.
ಕಾಲಂ ಒಂಬತ್ತು: ಸೊನ್ನೆ.

"ಕಳೆದ ಸಲ ಸಿಕ್ಕಿದ್ದು?"
"ಒಂದು ಕಾಣೆ. ಗೇಣುದ್ದ."
ಬುತ್ತಿ ತಂದಿದ್ದ ಶಾಹಿದಾ
ಕ್ಯಾರಿಯರ್ ಇಳಿಸದೆಯೇ ಹೇಳಿದರು:
"ಬರೀರಿ ಮೇಡಂ, ಸಾವಿರದ ಇನ್ನೂರರ ಕಾಣೆ!
ಹೊಟ್ಟೇಲಿ ಉಂಗುರ ಗಿಂಗುರ ಇರ್ಬೇಕು ಅಂತ
ಹುಷಾರಾಗಿ ಸೀಳಿದ್ದೆ ನಾನು."

ನಗು ತಡೆದುಕೊಂಡು ಕೂಡಿದೆ.
ತರಬೇತಿಯಲ್ಲಿ ಕಲಿಸಿದ್ದು ಇಷ್ಟೇ:
ಗಾಳದವನು ಕಳೆದಷ್ಟೂ ದೇಶಕ್ಕೆ ಆದಾಯ,
ಮೀನು ಸಿಗಲಿ, ಬಿಡಲಿ.
ಇವರೊಬ್ಬರನ್ನು ಎರಡು ಸಾವಿರದಿಂದ ಗುಣಿಸುತ್ತಾರೆ,
ಸಿಗದ ಮೀನುಗಳ ಮೇಲೆ
ಯಾರದೋ ಹೋಟೆಲು, ಯಾರದೋ ರೈಲು ನಡೆಯುತ್ತದೆ.

ಕಾಲಂ ಹದಿನಾಲ್ಕು ಓದಿದೆ, ಬರೆದಿದ್ದಂತೆಯೇ:
"ನಾಳೆಯಿಂದ ಕಡಲಿಗೆ ಹೋಗಬಾರದೆಂದರೆ
ಎಷ್ಟು ಪರಿಹಾರಕ್ಕೆ ಒಪ್ಪುತ್ತೀರಿ?"

ಉತ್ತರವಿಲ್ಲ.
ಕೈ ಒರೆಸಿಕೊಂಡು ಒಳಹೋಗಿ ರೀಲು ತಂದರು.
ನೈಲಾನ್ ದಾರ ನನ್ನ ತೋರುಬೆರಳ ಮೇಲೆ ಹಾಯಿಸಿ
"ಕಣ್ಣು ಮುಚ್ಚಿ" ಎಂದರು.
ಬಿಚ್ಚಿಟ್ಟ ಇಂಜಿನ್ನುಗಳ ನಡುವೆ ದಾರ ಬಿಡುತ್ತ
ಹಿತ್ತಿಲ ತನಕ ನಡೆದರು.
ಹೊರಗೆ ಲಾರಿಗಳು, ಎದುರಿನ ಬೇಕರಿಯ ರೇಡಿಯೋ.
ಬಹಳ ಹೊತ್ತು ಏನೂ ಇಲ್ಲ.
ಏನೂ ಇಲ್ಲ.
ಆಮೇಲೆ
ಯಾರೋ ನೀರೊಳಗಿಂದ ಹೆಸರು ಕೇಳಿದಂತೆ
ಒಂದು ಮಿಡಿತ.
ಮತ್ತೊಂದು.
ಬೆರಳಿನಿಂದ ಮೊಣಕೈಗೆ, ಮೊಣಕೈಯಿಂದ ಎಲ್ಲಿಗೋ.

ಹಿತ್ತಿಲಿಂದ ಕೂಗಿದರು:
"ಇದಕ್ಕೆ! ಇದಕ್ಕೆ ನೀವೇ ಒಂದು ರೇಟು ಹಾಕಿ ಮೇಡಂ!"
ಶಾಹಿದಾ ತಲೆ ಚಚ್ಚಿಕೊಂಡರು,
ಆದರೆ ನನ್ನ ಬೆರಳನ್ನೇ ನೋಡುತ್ತಿದ್ದರು.

ರಾತ್ರಿ ಮೇಲ್ವಿಚಾರಕರ ಫೋನು.
ಹದಿನಾಲ್ಕು ಖಾಲಿಯಿದ್ದರೆ ಫಾರಂ ರದ್ದಂತೆ,
ಅರವತ್ತು ರೂಪಾಯಿ ಬರುವುದಿಲ್ಲವಂತೆ,
ಏನಾದರೊಂದು ಸಂಖ್ಯೆ ಬರೆದುಬಿಡಿ, ಯಾರು ನೋಡುತ್ತಾರೆ.

ಪೆನ್ನು ಹಿಡಿದೆ.
ತೋರುಬೆರಳಲ್ಲಿ ದಾರದ ಗೆರೆ ಇನ್ನೂ ಕೆಂಪಗಿತ್ತು.
ರದ್ದು ಮಾಡಿ ಸಾರ್, ಎಂದೆ.